ಬಾಣಂತಿಯ ಮಾತು ಕೇಳುವವರು ಯಾರು?

ಹೆರಿಗೆಯಾಗಿ ತಾಯಿ, ಮಗು ಇಬ್ಬರೂ ಮನೆಗೆ ಬಂದರೆಂದರೆ ನಾವೆಲ್ಲ 'ಸದ್ಯ, ಗಂಡಾಂತರ ಕಳೆಯಿತು' ಎಂದು ನಿಟ್ಟುಸಿರು ಬಿಡುತ್ತೇವೆ. ನೋಡಲು ಬಂದವರು ಮಗುವನ್ನು ಎತ್ತಿಕೊಳ್ಳುತ್ತಾರೆ. ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ಮಾತಾಡುತ್ತಾರೆ. ಬಾಣಂತಿ ತಲೆನೋವು ಎಂದರೆ 'ನಿದ್ದೆ ಕೆಟ್ಟಿದೆಯಲ್ಲ, ಅದಕ್ಕೆ' ಎನ್ನುತ್ತೇವೆ. ಕಾಲು ಊದಿದೆ ಎಂದರೆ 'ಹೆತ್ತವಳಿಗೆ ಇದೆಲ್ಲ ಇದ್ದದ್ದೇ' ಎನ್ನುತ್ತೇವೆ. ಹೆಚ್ಚಿನ ಸಲ ಆ ಮಾತು ನಿಜವೂ ಆಗಿರುತ್ತದೆ. ಆದರೆ ಕೆಲವೊಮ್ಮೆ ಆ ತಲೆನೋವು, ಆ ಊತ ದೇಹ ಕೊಡುವ ಕೊನೆಯ ಎಚ್ಚರಿಕೆಯಾಗಿರುತ್ತದೆ. ಅದನ್ನು ಯಾರೂ ಕೇಳಿಸಿಕೊಳ್ಳದಿದ್ದರೆ ಮಗು ತಾಯಿಯಿಲ್ಲದ ತಬ್ಬಲಿಯಾಗುತ್ತದೆ.

ಈ ಮಾತನ್ನು ಇಂದು ಅತ್ಯಂತ ಗಟ್ಟಿಯಾಗಿ ಹೇಳುತ್ತಿರುವವರು ಅಮೆರಿಕದ ಕಪ್ಪು ವರ್ಣೀಯ ಮಹಿಳೆಯರು. ದೊಡ್ಡ ದೊಡ್ಡ ಆಸ್ಪತ್ರೆಗಳಿರುವ, ಆರೋಗ್ಯಕ್ಕೆ ಜಗತ್ತಿನಲ್ಲೇ ಹೆಚ್ಚು ಹಣ ಸುರಿಯುವ ದೇಶದಲ್ಲಿ ಹೆರಿಗೆಗೆ ಹೋಗಲು ಅವರು ಭಯಪಡುತ್ತಿದ್ದಾರೆ. ಆ ಭಯದಿಂದ ಒಂದು ಹೋರಾಟ ಹುಟ್ಟಿದೆ. ಸೂಲಗಿತ್ತಿಯರನ್ನು ಮತ್ತು 'ಡೌಲಾ' ಎಂಬ ಹೆರಿಗೆ ಸಂಗಾತಿಯರನ್ನು ಮತ್ತೆ ತಾಯಿಯ ಪಕ್ಕದಲ್ಲಿ ತಂದು ನಿಲ್ಲಿಸುವ ಹೋರಾಟ ಅದು. ಅವರು ಕಂಡುಕೊಂಡ ಪಾಠ ಹೆರಿಗೆಯಾಗುವ ಎಲ್ಲ ಮನೆಗಳಿಗೂ ಬೇಕಾದದ್ದು.

ಓದು, ಹುದ್ದೆ ಯಾವುದೂ ಕಾಪಾಡಲಿಲ್ಲ

ಡಾ. ಶಲಾನ್ ಇರ್ವಿಂಗ್ ಅವರ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅವರು ಅಟ್ಲಾಂಟಾ ನಗರದಲ್ಲಿ, ಸಿಡಿಸಿ ಎಂದೇ ಹೆಸರಾದ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. ಸಮಾಜದ ಅಸಮಾನತೆ ಜನರನ್ನು ಹೇಗೆ ಕಾಯಿಲೆಗೆ ದೂಡುತ್ತದೆ ಎಂಬುದೇ ಅವರ ಅಧ್ಯಯನದ ವಿಷಯ. 2017ರ ಜನವರಿ 3ರಂದು, 36ನೆಯ ವಯಸ್ಸಿನಲ್ಲಿ, ಸಿಸೇರಿಯನ್ ಮೂಲಕ ಅವರಿಗೆ ಹೆಣ್ಣು ಮಗು ಹುಟ್ಟಿತು.

ಮನೆಗೆ ಬಂದ ಮೇಲೆ ಅವರಿಗೆ ಒಂದಲ್ಲ ಒಂದು ತೊಂದರೆ. ಹೊಲಿಗೆಯ ಜಾಗದಲ್ಲಿ ನೋವು, ಕಾಲಿನಲ್ಲಿ ಊತ, ತಲೆನೋವು, ಏರಿದ ರಕ್ತದೊತ್ತಡ. ಮೂರು ವಾರಗಳಲ್ಲಿ ಅವರು ಹಲವು ಬಾರಿ ವೈದ್ಯರ ಬಳಿಗೆ ಹೋದರು. ಏನೋ ಸರಿಯಿಲ್ಲ ಎಂದು ಹೇಳುತ್ತಲೇ ಇದ್ದರು. ಜನವರಿ 24ರಂದು ಕೊನೆಯ ಬಾರಿ ಹೋದಾಗ ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟು ಮನೆಗೆ ಕಳುಹಿಸಿದರು. ಅದೇ ರಾತ್ರಿ ಅವರು ಮನೆಯಲ್ಲಿ ಕುಸಿದು ಬಿದ್ದರು. ನಾಲ್ಕು ದಿನಗಳ ನಂತರ ತೀರಿಕೊಂಡರು. ಆಗ ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಮೊಮ್ಮಗಳನ್ನು ಸಾಕುವ ಹೊಣೆ ಅಜ್ಜಿ ವಾಂಡಾ ಇರ್ವಿಂಗ್ ಅವರ ಹೆಗಲಿಗೆ ಬಿತ್ತು. ಇನ್ನೊಬ್ಬ ತಾಯಿಗೆ ಈ ಗತಿ ಬಾರದಿರಲೆಂದು ಆ ಅಜ್ಜಿ ಮಗಳ ಹೆಸರಿನಲ್ಲಿ ಒಂದು ಸಂಸ್ಥೆಯನ್ನು ಕಟ್ಟುವಲ್ಲಿ ಮುಂದಾದರು.

ಶಲಾನ್ ಅವರಿಗೆ ಓದಿನ ಕೊರತೆಯಿರಲಿಲ್ಲ. ಹಣದ ಕೊರತೆಯಿರಲಿಲ್ಲ, ವಿಮೆಯ ಕೊರತೆಯೂ ಇರಲಿಲ್ಲ. ಹಾಗಾದರೆ ಕೊರತೆ ಎಲ್ಲಿತ್ತು?

ಅಂಕಿಗಳು ಹೇಳುವುದೇನು?

2023ರಲ್ಲಿ ಅಮೆರಿಕದಲ್ಲಿ ಗರ್ಭಿಣಿಯಾಗಿದ್ದಾಗ ಅಥವಾ ಹೆರಿಗೆಯ ನಂತರದ 42 ದಿನಗಳೊಳಗೆ ಅದಕ್ಕೆ ಸಂಬಂಧಿಸಿದ ಕಾರಣಗಳಿಂದ ತೀರಿಕೊಂಡ ತಾಯಂದಿರು 669 ಮಂದಿ. ಒಂದು ಲಕ್ಷ ಹೆರಿಗೆಗೆ ಲೆಕ್ಕ ಹಾಕಿದರೆ ಬಿಳಿಯ ಮಹಿಳೆಯರಲ್ಲಿ ಸತ್ತವರು 14.5. ಕಪ್ಪು ವರ್ಣೀಯ ಮಹಿಳೆಯರಲ್ಲಿ 50.3. ಅಂದರೆ ಮೂರು ಪಟ್ಟಿಗಿಂತಲೂ ಹೆಚ್ಚು. ಕೊರೋನಾ ಕಾಲದ 2021ರಲ್ಲಿ ಕಪ್ಪು ತಾಯಂದಿರ ಸಾವು 69.9ಕ್ಕೆ ಏರಿತ್ತು.

ಬಡತನವೇ ಇದಕ್ಕೆಲ್ಲ ಕಾರಣ ಎಂದು ಅಂದುಕೊಳ್ಳಬಹುದು. ಬಡತನದ ಪಾಲೂ ಇದೆ. ಆದರೆ ಸಿಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯದನ್ನೇ ಹೇಳಿತು. ಕಾಲೇಜು ಪದವಿ ಪಡೆದ ಮಹಿಳೆಯರನ್ನಷ್ಟೇ ಹೋಲಿಸಿ ನೋಡಿದರೆ, ಕಪ್ಪು ವರ್ಣೀಯರಲ್ಲಿ ಇಂತಹ ಸಾವು ಬಿಳಿಯರಿಗಿಂತ ಐದು ಪಟ್ಟು ಹೆಚ್ಚು. ಓದು ಹೆಚ್ಚಿದಂತೆ ಅಂತರ ಕಿರಿದಾಗಬೇಕಿತ್ತು, ಅದು ಇನ್ನಷ್ಟು ಹಿಗ್ಗಿದೆ.

ಇನ್ನೂ ಎರಡು ಸಂಗತಿಗಳನ್ನು ಗಮನಿಸಿ. ಅಮೆರಿಕದ 36 ರಾಜ್ಯಗಳಲ್ಲಿ 2017ರಿಂದ 2019ರವರೆಗೆ ನಡೆದ ತಾಯಂದಿರ ಸಾವುಗಳನ್ನು ತಜ್ಞರ ಸಮಿತಿಗಳು ಒಂದೊಂದಾಗಿ ಪರಿಶೀಲಿಸಿದವು. ಹೆರಿಗೆಯ ನಂತರದ ಇಡೀ ಒಂದು ವರ್ಷವನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಿದ್ದವು. ನೂರರಲ್ಲಿ 80ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದು ಅವು ತೀರ್ಮಾನಿಸಿದವು. ಅರ್ಧಕ್ಕಿಂತ ಹೆಚ್ಚು ಸಾವುಗಳು ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ ಆದವು. ಅಂದರೆ ಹೂವು ಹಣ್ಣು ಹಿಡಿದು ನೋಡಲು ಬಂದವರೆಲ್ಲ ಹೊರಟುಹೋದ ಮೇಲೆ, ಮನೆ ಮೌನವಾದ ಮೇಲೆ.

ಹೇಳಿದರೂ ಕೇಳದಿದ್ದಾಗ

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಅವರನ್ನು ಅರಿಯದವರು ಕಡಿಮೆ. 2017ರ ಸೆಪ್ಟೆಂಬರ್‌ನಲ್ಲಿ ಅವರಿಗೆ ತುರ್ತು ಸಿಸೇರಿಯನ್ ಆಗಿ ಮಗಳು ಹುಟ್ಟಿದಳು. ಮರುದಿನ ಅವರಿಗೆ ಉಸಿರು ಕಟ್ಟಿದಂತಾಯಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಅವರಿಗೆ ಮೊದಲೇ ಆಗಿತ್ತು. ಹಾಗಾಗಿ ಏನಾಗುತ್ತಿದೆ ಎಂದು ಅವರಿಗೆ ಕೂಡಲೇ ಗೊತ್ತಾಯಿತು. ತನಗೆ ಸಿ.ಟಿ. ಸ್ಕ್ಯಾನ್ ಮಾಡಿ, ರಕ್ತ ತೆಳುವಾಗಿಸುವ ಔಷಧಿ ಕೊಡಿ ಎಂದು ಅವರೇ ನರ್ಸ್‌ಗೆ ಹೇಳಿದರು. ನೋವಿನ ಔಷಧಿಯಿಂದ ಇವರಿಗೆ ಗೊಂದಲವಾಗಿರಬೇಕು ಎಂದು ನರ್ಸ್ ಭಾವಿಸಿದರು. ಮೊದಲು ಕಾಲುಗಳ ಅಲ್ಟ್ರಾಸೌಂಡ್ ಮಾಡಿದರು. ಅಲ್ಲಿ ಏನೂ ಸಿಗಲಿಲ್ಲ. ಸೆರೆನಾ ಪಟ್ಟು ಬಿಡದ ಕಾರಣ ಸಿ.ಟಿ. ಸ್ಕ್ಯಾನ್ ಆಯಿತು. ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು. ಜೀವ ಉಳಿಯಿತು.

ಜಗತ್ತಿಗೇ ಗೊತ್ತಿರುವ, ತನ್ನ ದೇಹದ ಒಂದೊಂದು ನರವನ್ನೂ ಬಲ್ಲ ಆಟಗಾರ್ತಿಗೇ ಇಷ್ಟು ವಾದಿಸಬೇಕಾಯಿತು. ನೋವಿನಲ್ಲಿ ಮಾತೇ ಹೊರಡದ, ವೈದ್ಯರ ಮುಂದೆ ಬಾಯಿ ತೆರೆಯಲು ಹೆದರುವ ಸಾಮಾನ್ಯ ಹೆಣ್ಣುಮಗಳ ಪಾಡು ಏನು?

ಕೀರಾ ಜಾನ್ಸನ್ ಅವರ ಕಥೆ ಇದಕ್ಕಿಂತ ಕ್ರೂರ. 2016ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲೇ ದಿನ ಗೊತ್ತುಮಾಡಿದ್ದ ಸಿಸೇರಿಯನ್ ಮೂಲಕ ಅವರು ಎರಡನೆಯ ಗಂಡು ಮಗುವನ್ನು ಹೆತ್ತರು. ಕೆಲ ಹೊತ್ತಿನಲ್ಲೇ ಮೂತ್ರದ ನಳಿಕೆಯಲ್ಲಿ ರಕ್ತ ಬರುತ್ತಿರುವುದನ್ನು ಪತಿ ಚಾರ್ಲ್ಸ್ ಕಂಡರು. ಸಂಜೆಯಾಯಿತು, ರಾತ್ರಿಯಾಯಿತು. ಅವರು ಸಿಬ್ಬಂದಿಯನ್ನು ಮತ್ತೆ ಮತ್ತೆ ಬೇಡಿಕೊಂಡರು. ಕೀರಾ ಚಳಿಗೆ ನಡುಗುತ್ತಿದ್ದರು. ಮತ್ತೆ ಶಸ್ತ್ರಚಿಕಿತ್ಸೆಗೆ ಕರೆದೊಯ್ದದ್ದು ಮಧ್ಯರಾತ್ರಿ ದಾಟಿದ ಮೇಲೆ. ಹೊಟ್ಟೆಯೊಳಗೆ ಲೀಟರ್‌ಗಟ್ಟಲೆ ರಕ್ತ ತುಂಬಿತ್ತು. ಅವರು ಉಳಿಯಲಿಲ್ಲ. 2018ರಲ್ಲಿ ಚಾರ್ಲ್ಸ್ ಅಮೆರಿಕದ ಸಂಸತ್ತಿನ ಮುಂದೆ ನಿಂತು ಇದನ್ನೆಲ್ಲ ಹೇಳಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ, ತಾಯಂದಿರ ಪ್ರತಿ ಸಾವನ್ನೂ ಪರಿಶೀಲಿಸುವ ರಾಜ್ಯ ಸಮಿತಿಗಳಿಗೆ ನೆರವು ನೀಡುವ ಕಾನೂನು ಬಂತು.

ಮೂರು ಕಥೆಗಳಲ್ಲಿಯೂ ಕಾಯಿಲೆ ಬೇರೆ ಬೇರೆ. ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಹೆಪ್ಪುಗಟ್ಟಿದ ರಕ್ತ, ಇನ್ನೊಬ್ಬರಿಗೆ ರಕ್ತಸ್ರಾವ. ಮೂರಕ್ಕೂ ಚಿಕಿತ್ಸೆಯಿದೆ. ಮೂರರಲ್ಲಿಯೂ ತೊಂದರೆ ಬಾಯಿಬಿಟ್ಟು ಹೇಳಲಾಗಿತ್ತು. ಹೇಳಿದ್ದನ್ನು ಕೂಡಲೇ ನಂಬುವ ಕಿವಿ ಮಾತ್ರ ಇರಲಿಲ್ಲ.

ಯಾಕೆ ನಂಬುವುದಿಲ್ಲ?

ಇದರ ಬೇರು ಆಳದಲ್ಲಿದೆ. 1840ರ ದಶಕದಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ಜೆ. ಮೆರಿಯನ್ ಸಿಮ್ಸ್ ಎಂಬ ವೈದ್ಯ, ಹೆರಿಗೆಯಲ್ಲಿ ಮೂತ್ರಕೋಶಕ್ಕೆ ಆಗುವ ಗಾಯವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿಯಲು ಗುಲಾಮ ಮಹಿಳೆಯರ ಮೇಲೆ ಪ್ರಯೋಗ ಮಾಡಿದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಮಾತ್ರ ಉಳಿದಿದೆ. ಅನಾರ್ಕಾಳ ಮೇಲೆ ಸುಮಾರು 30 ಬಾರಿ ಕತ್ತರಿ ಆಡಿಸಿದ, ಅದೂ ಅರಿವಳಿಕೆಯಿಲ್ಲದೆ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ನಿಂತಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ.

ಕಪ್ಪು ಮೈಗೆ ನೋವು ಕಡಿಮೆ ಎಂಬ ಆ ಕಾಲದ ಸುಳ್ಳು ಸುಲಭವಾಗಿ ಸಾಯಲಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನಿಸಿ ನೋಡಿದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಪ್ಪು ವರ್ಣೀಯರ ದೇಹದ ಬಗ್ಗೆ 'ಅವರ ಚರ್ಮ ದಪ್ಪ' ಎಂಬಂತಹ ಒಂದಾದರೂ ತಪ್ಪು ಕಲ್ಪನೆಯನ್ನು ಒಪ್ಪಿದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜಿಸಿದರು.

ಮತ್ತೊಂದು ಉದಾಹರಣೆ ನೋಡಿ. ಒಮ್ಮೆ ಸಿಸೇರಿಯನ್ ಆದವರಿಗೆ ಮುಂದಿನ ಬಾರಿ ಸಹಜ ಹೆರಿಗೆ ಸಾಧ್ಯವೇ ಎಂದು ಅಂದಾಜಿಸಲು ಅಮೆರಿಕದ ವೈದ್ಯರು ಒಂದು ಲೆಕ್ಕಪಟ್ಟಿ ಬಳಸುತ್ತಾರೆ. ಅದರಲ್ಲಿ 'ಕಪ್ಪು ವರ್ಣೀಯಳು' ಎಂದು ಗುರುತಿಸಿದ ಕೂಡಲೇ ಸಾಧ್ಯತೆಯ ಅಂಕ ಇಳಿಯುತ್ತಿತ್ತು. ಜನಾಂಗದ ಆ ಕಲಮನ್ನು ಕೈಬಿಟ್ಟ ಹೊಸ ಪಟ್ಟಿ ಬಂದದ್ದು 2021ರಲ್ಲಿ.

ಇನ್ನು ದೇಹದೊಳಗಿನ ಸವೆತ. ಬಿಸಿಲು ಮಳೆಗೆ ಒಡ್ಡಿಕೊಂಡ ಗೋಡೆ ಹೇಗೆ ಬೇಗ ಹಾಳಾಗುತ್ತದೋ ಹಾಗೆ ದಿನನಿತ್ಯದ ಅವಮಾನ, ಆತಂಕ, ತಾರತಮ್ಯ ದೇಹವನ್ನು ವಯಸ್ಸಿಗೆ ಮೊದಲೇ ಸವೆಸುತ್ತದೆ ಎಂದು ಆರ್ಲಿನ್ ಜೆರೋನಿಮಸ್ ಎಂಬ ಸಂಶೋಧಕಿ 1992ರಲ್ಲಿ ಪ್ರತಿಪಾದಿಸಿದರು. ಕಪ್ಪು ತಾಯಂದಿರ ಸಾವಿಗೆ ಹೃದಯದ ತೊಂದರೆಗಳು ಮೊದಲ ಕಾರಣವಾಗಿರುವುದನ್ನು ಕಂಡಾಗ ಈ ಮಾತು ಅರ್ಥವಾಗುತ್ತದೆ.

ಸೂಲಗಿತ್ತಿಯರನ್ನು ಮನೆಗೆ ಕಳುಹಿಸಿದ ಕಥೆ

ಹಿಂದೆ ಹೀಗಿರಲಿಲ್ಲ ಎಂದಲ್ಲ. ಹಿಂದೆಯೂ ತಾಯಂದಿರು ಸಾಯುತ್ತಿದ್ದರು. ಆದರೆ ಅವರ ಪಕ್ಕದಲ್ಲಿ ಅವರನ್ನು ಬಲ್ಲ ಒಬ್ಬ ಹೆಂಗಸು ಇರುತ್ತಿದ್ದಳು. 1900ರ ಸುಮಾರಿಗೆ ಅಮೆರಿಕದ ಅರ್ಧದಷ್ಟು ಹೆರಿಗೆಗಳನ್ನು ಸೂಲಗಿತ್ತಿಯರೇ ಮಾಡಿಸುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಈ ಕೆಲಸ ಹೆಚ್ಚಾಗಿ ಕಪ್ಪು ವರ್ಣೀಯ ಹಿರಿಯ ಹೆಂಗಸರದ್ದು. ಜನ ಅವರನ್ನು 'ಗ್ರ್ಯಾನಿ' ಅಂದರೆ ಅಜ್ಜಿ ಸೂಲಗಿತ್ತಿಯರು ಎಂದು ಕರೆಯುತ್ತಿದ್ದರು. ಬಿಳಿಯರ ಆಸ್ಪತ್ರೆಗಳು ಕಪ್ಪು ಗರ್ಭಿಣಿಯರಿಗೆ ಬಾಗಿಲು ತೆರೆಯದ ಕಾಲದಲ್ಲಿ ಅವರಿಗೆ ಈ ಅಜ್ಜಿಯರೇ ಗತಿಯಾಗಿದ್ದರು.

ಅವರಿಗೆ ಶುಚಿತ್ವ ತಿಳಿಯದು ಎಂಬ ದೂರಿತ್ತು. 1921ರ ಶೆಪರ್ಡ್-ಟೌನರ್ ಕಾಯ್ದೆಯ ಹಣದಿಂದ ರಾಜ್ಯಗಳು ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು ಪರವಾನಗಿ ನೀಡತೊಡಗಿದವು. ಅವರು ಕಲಿತರು. ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿ ತೊಳೆಯುವುದು, ಕತ್ತರಿಯನ್ನು ಕುದಿಸುವುದು, ಹೊಕ್ಕುಳಬಳ್ಳಿ ಕಟ್ಟುವ ದಾರವನ್ನು ಶುಚಿಯಾಗಿಡುವುದು, ಕುರುಡುತನ ತಡೆಯಲು ಮಗುವಿನ ಕಣ್ಣಿಗೆ ಹನಿ ಬಿಡುವುದು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದರು. ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ 1953ರಲ್ಲಿ ಸೂಲಗಿತ್ತಿಯರ ತರಬೇತಿಗೆಂದು 'ಆಲ್ ಮೈ ಬೇಬೀಸ್' ಎಂಬ ಚಿತ್ರ ತಯಾರಿಸಿತು. ಅದರಲ್ಲಿ ಕಾಣುವ ಮೇರಿ ಕೋಲಿ, ಆಲ್ಬನಿ ಊರಿನ ನಿಜವಾದ ಸೂಲಗಿತ್ತಿ. ಅವರ ಕೈಯಲ್ಲಿ 3000ಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದವು.

ದಕ್ಷಿಣ ಕೆರೊಲಿನಾದ ಮಾಡ್ ಕ್ಯಾಲೆನ್ ನರ್ಸ್ ಕೂಡ ಹೌದು, ಸೂಲಗಿತ್ತಿ ಕೂಡ ಹೌದು. ಕೆಸರು ರಸ್ತೆಗಳಲ್ಲಿ ಮೈಲಿಗಟ್ಟಲೆ ಓಡಾಡಿ ಹೆರಿಗೆ ಮಾಡಿಸುತ್ತಿದ್ದ ಅವರ ಚಿತ್ರಗಳು 1951ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದವು. ಅದನ್ನು ಓದಿದವರು 20,000 ಡಾಲರ್‌ಗೂ ಹೆಚ್ಚು ಹಣ ಕಳುಹಿಸಿದರು. ಆ ಹಣದಲ್ಲಿ 1953ರಲ್ಲಿ ಅವರ ಊರಿಗೊಂದು ಚಿಕಿತ್ಸಾಲಯ ಬಂತು.

ಆದರೆ ಕಾಲ ಬದಲಾಯಿತು. 1960ರ ದಶಕದಲ್ಲಿ ನಾಗರಿಕ ಹಕ್ಕುಗಳ ಕಾನೂನಿನಿಂದ ಆಸ್ಪತ್ರೆಯ ಬಾಗಿಲು ಕಪ್ಪು ವರ್ಣೀಯರಿಗೂ ತೆರೆಯಿತು. ಅದು ದೊಡ್ಡ ಗೆಲುವು, ಎಷ್ಟೋ ಜೀವಗಳು ಉಳಿದವು. ಅದರ ಜೊತೆಗೇ ರಾಜ್ಯಗಳು ಸೂಲಗಿತ್ತಿಯರ ಪರವಾನಗಿಯನ್ನು ಒಂದೊಂದಾಗಿ ಹಿಂದಕ್ಕೆ ಪಡೆದವು. ಅಲಬಾಮಾ 1976ರಲ್ಲಿ ಅವರ ಕೆಲಸವನ್ನೇ ಕಾನೂನುಬಾಹಿರ ಮಾಡಿತು. ಸಾವಿರಾರು ಹೆರಿಗೆ ಮಾಡಿಸಿದ್ದ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ ಅಂಥವರು ಅಲ್ಲಿನ ಕೊನೆಯ ಅಜ್ಜಿ ಸೂಲಗಿತ್ತಿಯರ ಸಾಲಿಗೆ ಸೇರಿದರು. ತಾಯಿಗೆ ಆಸ್ಪತ್ರೆ ಸಿಕ್ಕಿತು. ಆದರೆ ಅವಳ ಹೆಸರು ಹಿಡಿದು ಕರೆಯುವ, ಹೆರಿಗೆಯಾದ ಮೇಲೂ ಮನೆಗೆ ಬಂದು ಹಣೆ ಮುಟ್ಟಿ ನೋಡುವ ಹೆಂಗಸು ಇಲ್ಲವಾದಳು. ಆಸ್ಪತ್ರೆಯೂ ಇರಲಿ, ಅವಳೂ ಇರಲಿ ಎಂದು ಆಗ ಯಾರೂ ಯೋಚಿಸಲಿಲ್ಲ.

ಡೌಲಾ ಎಂದರೆ ಯಾರು?

ಸೂಲಗಿತ್ತಿಗೂ ಡೌಲಾಗೂ ವ್ಯತ್ಯಾಸವಿದೆ. ಇಂದಿನ ಅಮೆರಿಕದ ಸೂಲಗಿತ್ತಿ ತರಬೇತಿ ಮತ್ತು ಪರವಾನಗಿ ಪಡೆದ ವೃತ್ತಿಪರಳು. ಅವಳು ಗರ್ಭಿಣಿಯನ್ನು ಪರೀಕ್ಷಿಸುತ್ತಾಳೆ, ಹೆರಿಗೆ ಮಾಡಿಸುತ್ತಾಳೆ, ಅಪಾಯ ಕಂಡರೆ ವೈದ್ಯರಿಗೆ ಒಪ್ಪಿಸುತ್ತಾಳೆ. ಡೌಲಾ ಇವ್ಯಾವುದನ್ನೂ ಮಾಡುವುದಿಲ್ಲ. ಅವಳು ಹೊಟ್ಟೆ ಮುಟ್ಟಿ ಪರೀಕ್ಷಿಸುವುದಿಲ್ಲ, ಔಷಧಿ ಕೊಡುವುದಿಲ್ಲ, ಮಗುವನ್ನು ಹಿಡಿಯುವುದಿಲ್ಲ. ಅವಳ ಕೆಲಸ ತಾಯಿಯ ಪಕ್ಕದಲ್ಲಿರುವುದು.

ಕೇಳಲು ಇದು ಸಣ್ಣ ಕೆಲಸದಂತೆ ಕಾಣಬಹುದು. ಆದರೆ ನರ್ಸ್‌ಗಳ ಪಾಳಿ ಬದಲಾಗುತ್ತದೆ, ವೈದ್ಯರು ಬಂದು ಹೋಗುತ್ತಾರೆ, ಹೆರಿಗೆ ನೋವು ಹನ್ನೆರಡು ಗಂಟೆಯೋ ಇಪ್ಪತ್ತು ಗಂಟೆಯೋ ನಡೆಯುತ್ತದೆ. ಅಷ್ಟೂ ಹೊತ್ತು ಡೌಲಾ ಅಲ್ಲೇ ಇರುತ್ತಾಳೆ. ಸೊಂಟ ನೀವುತ್ತಾಳೆ, ನೀರು ಕುಡಿಸುತ್ತಾಳೆ, ಎದ್ದು ನಡೆಯಲು ಕೈ ಕೊಡುತ್ತಾಳೆ, ವೈದ್ಯರ ಮಾತನ್ನು ಬಿಡಿಸಿ ಹೇಳುತ್ತಾಳೆ. 'ಇದನ್ನು ಯಾಕೆ ಮಾಡುತ್ತಿದ್ದೀರಿ? ಬೇರೆ ದಾರಿಯಿದೆಯೇ?' ಎಂದು ಕೇಳಲು ತಾಯಿಗೆ ಧೈರ್ಯ ತುಂಬುತ್ತಾಳೆ. ತಾಯಿ ಏನು ಹೇಳಿದಳು, ಎಷ್ಟು ಹೊತ್ತಿಗೆ ಹೇಳಿದಳು, ಯಾರು ಏನು ಉತ್ತರಿಸಿದರು ಎಂದು ನೆನಪಿಡುತ್ತಾಳೆ. ಹೆರಿಗೆಯ ನಂತರ ಮನೆಗೂ ಬರುತ್ತಾಳೆ.

ಹೆರಿಗೆಗೆ ಮೊದಲೇ ತಾಯಿಯ ಇಷ್ಟಗಳನ್ನು ಡೌಲಾ ಕಾಗದದಲ್ಲಿ ಬರೆಸಿಡುತ್ತಾಳೆ. ಅಮೆರಿಕದ ಮುಸ್ಲಿಮರಲ್ಲಿ ಐವರಲ್ಲಿ ಒಬ್ಬರು ಕಪ್ಪು ವರ್ಣೀಯರು ಎಂಬುದು ಪ್ಯೂ ಸಂಶೋಧನಾ ಕೇಂದ್ರದ 2017ರ ಲೆಕ್ಕ. ಅವರಲ್ಲಿ ಒಬ್ಬ ತಾಯಿಗೆ ಮಹಿಳಾ ವೈದ್ಯೆಯೇ ಬೇಕೆನಿಸಬಹುದು. ತಲೆಯ ಮೇಲಿನ ಬಟ್ಟೆ ಸರಿಯಬಾರದೆನಿಸಬಹುದು. ಹುಟ್ಟಿದ ಮಗುವಿನ ಕಿವಿಯಲ್ಲಿ ಅಝಾನ್ ಹೇಳಲು ಎರಡು ನಿಮಿಷ ಬೇಕೆನಿಸಬಹುದು. ನೋವಿನ ನಡುವೆ ಇದನ್ನೆಲ್ಲ ಅವಳು ವಿವರಿಸುತ್ತಾ ಕೂರಬೇಕಾಗದಂತೆ ಆ ಕಾಗದ ನೋಡಿಕೊಳ್ಳುತ್ತದೆ.

ಇದರಿಂದ ಪ್ರಯೋಜನವಿದೆಯೇ? 17 ದೇಶಗಳ, 15,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 26 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟುಗೂಡಿಸಿ ನೋಡಿತು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದ ತಾಯಂದಿರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಕಡಿಮೆ, ಹೆರಿಗೆಯ ಬಗ್ಗೆ ಕಹಿ ನೆನಪೂ ಕಡಿಮೆ ಎಂದು ಕಂಡುಬಂತು. ಜೊತೆಗಿರುವುದರಿಂದ ಹಾನಿಯಾದ ಯಾವ ಸುಳಿವೂ ಸಿಗಲಿಲ್ಲ.

ಹೋರಾಟ ಎಲ್ಲಿಗೆ ಮುಟ್ಟಿದೆ?

ಕಷ್ಟವೆಂದರೆ ಹಣ. ಡೌಲಾ ಬೇಕೆಂದರೆ ಕೈಯಿಂದ ಸಾವಿರ ಡಾಲರ್ ದಾಟಿ ಖರ್ಚಾಗುವುದು ಅಲ್ಲಿ ಸಾಮಾನ್ಯ. ಹಾಗಾಗಿ ಅಗತ್ಯ ಹೆಚ್ಚಿದ್ದವರಿಗೇ ಅವಳು ಸಿಗುತ್ತಿರಲಿಲ್ಲ. ಅಮೆರಿಕದ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕರ ಖರ್ಚನ್ನು ಭರಿಸುವುದು 'ಮೆಡಿಕೇಡ್' ಎಂಬ ಬಡವರ ಸರ್ಕಾರಿ ವಿಮೆ. ಆ ವಿಮೆಯೇ ಡೌಲಾಗೂ ಹಣ ಕೊಡಲಿ ಎಂಬುದು ಹೋರಾಟಗಾರ್ತಿಯರ ಬೇಡಿಕೆಯಾಯಿತು. ಒರೆಗಾನ್ ರಾಜ್ಯದಲ್ಲಿ ಸೂಲಗಿತ್ತಿ ಶಫಿಯಾ ಮನ್ರೋ ಇದಕ್ಕಾಗಿ ದುಡಿದವರಲ್ಲಿ ಪ್ರಮುಖರು. ಕಪ್ಪು ಸೂಲಗಿತ್ತಿಯರ ಪರಂಪರೆಯನ್ನು ಉಳಿಸಲು ಅವರು 1991ರಲ್ಲೇ ಒಂದು ಸಂಸ್ಥೆ ಕಟ್ಟಿದ್ದರು. ಒರೆಗಾನ್, ಮಿನೆಸೊಟಾ ರಾಜ್ಯಗಳು ಮೊದಲು ದಾರಿ ತೋರಿಸಿದವು. ಆದರೆ ಆರಂಭದಲ್ಲಿ ಒರೆಗಾನ್ ಒಂದು ಹೆರಿಗೆಗೆ ಕೊಟ್ಟದ್ದು 75 ಡಾಲರ್. ರಾತ್ರಿಯೆಲ್ಲ ಎದ್ದು ಕೂರುವ ಕೆಲಸಕ್ಕೆ ಅದು ಏನೇನೂ ಸಾಲದು. ದರ ಏರಿಸಲು ಮತ್ತೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಕ್ಯಾಲಿಫೋರ್ನಿಯಾ 2023ರಲ್ಲಿ, ನ್ಯೂಯಾರ್ಕ್ 2024ರಲ್ಲಿ ಈ ಸೌಲಭ್ಯವನ್ನು ಜಾರಿಗೆ ತಂದವು.

ಫ್ಲೋರಿಡಾದಲ್ಲಿ ಜೆನ್ನಿ ಜೋಸೆಫ್ ಎಂಬ ಸೂಲಗಿತ್ತಿ ಇನ್ನೊಂದು ದಾರಿ ಹಿಡಿದರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಅವರು ಓರ್ಲಾಂಡೊ ಬಳಿ ಚಿಕಿತ್ಸಾಲಯ ತೆರೆದರು. ಅಲ್ಲಿಯ ನಿಯಮ ಒಂದೇ: ಹಣವಿರಲಿ ಇಲ್ಲದಿರಲಿ, ತಡವಾಗಿ ಬಂದಿರಲಿ, ಬಾಗಿಲಿಗೆ ಬಂದ ಗರ್ಭಿಣಿಯನ್ನು ಹಿಂದಕ್ಕೆ ಕಳುಹಿಸಬಾರದು. 'ಟೈಮ್' ಪತ್ರಿಕೆ 2022ರಲ್ಲಿ ಅವರನ್ನು ವರ್ಷದ ಮಹಿಳೆಯರಲ್ಲಿ ಒಬ್ಬರೆಂದು ಆಯ್ಕೆ ಮಾಡಿತು.

2018ರಿಂದ ಪ್ರತಿ ವರ್ಷ ಏಪ್ರಿಲ್ 11ರಿಂದ 17ರವರೆಗೆ ಕಪ್ಪು ತಾಯಂದಿರ ಆರೋಗ್ಯ ಸಪ್ತಾಹ ನಡೆಯುತ್ತಿದೆ. ಸಂಸದೆ ಲಾರೆನ್ ಅಂಡರ್‌ವುಡ್ ಮತ್ತು ಸಂಸದೆ ಆಲ್ಮಾ ಆಡಮ್ಸ್ ತಾಯಂದಿರ ಆರೋಗ್ಯಕ್ಕಾಗಿ ಮಸೂದೆಗಳ ಒಂದು ಕಟ್ಟನ್ನೇ 2020ರಿಂದ ಮತ್ತೆ ಮತ್ತೆ ಮಂಡಿಸುತ್ತಾ ಬಂದಿದ್ದಾರೆ. ಅಂಡರ್‌ವುಡ್ ಸ್ವತಃ ನರ್ಸ್ ಆಗಿದ್ದವರು. ತೀರಿಕೊಂಡ ಶಲಾನ್ ಇರ್ವಿಂಗ್ ಅವರ ಗೆಳತಿ. ಆ ಕಟ್ಟಿನಲ್ಲಿ ಸೈನ್ಯದಲ್ಲಿ ದುಡಿದ ತಾಯಂದಿರಿಗೆ ಸಂಬಂಧಿಸಿದ ಮಸೂದೆ 2021ರ ನವೆಂಬರ್‌ನಲ್ಲಿ ಕಾನೂನಾಯಿತು. ಮೊದಲು ಹೆರಿಗೆಯಾಗಿ 60 ದಿನಕ್ಕೆ ಮುಗಿಯುತ್ತಿದ್ದ ಮೆಡಿಕೇಡ್ ರಕ್ಷಣೆಯನ್ನು ಒಂದು ವರ್ಷಕ್ಕೆ ವಿಸ್ತರಿಸಲು ಅದೇ ವರ್ಷ ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಹೆಚ್ಚಿನ ರಾಜ್ಯಗಳು ಅದನ್ನು ಬಳಸಿಕೊಂಡಿವೆ. ಬಾಣಂತಿತನ ಎರಡು ತಿಂಗಳಿಗೆ ಮುಗಿಯುವುದಿಲ್ಲ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು.

ಆಸ್ಪತ್ರೆಯೂ ಬದಲಾಗಬೇಕು

ಇಷ್ಟು ಓದಿದ ಮೇಲೆ, ಡೌಲಾ ಇದ್ದರೆ ಆಸ್ಪತ್ರೆಯೇ ಬೇಡ ಎಂದು ಯಾರೂ ಭಾವಿಸಬಾರದು. ರಕ್ತಸ್ರಾವವನ್ನು ನಿಲ್ಲಿಸುವುದು ಔಷಧಿ, ರಕ್ತ ಮತ್ತು ಶಸ್ತ್ರಚಿಕಿತ್ಸೆ. ಪಕ್ಕದಲ್ಲಿರುವವಳು ಮಾಡಬಲ್ಲದ್ದು ಅದು ಬೇಗ ಸಿಗುವಂತೆ ಕೂಗಿ ಕರೆಯುವುದು. ಆ ಕೂಗಿಗೆ ಓಗೊಡುವ ವ್ಯವಸ್ಥೆ ಒಳಗಿರಬೇಕು.

ಕ್ಯಾಲಿಫೋರ್ನಿಯಾ ಇದನ್ನು ಮಾಡಿ ತೋರಿಸಿತು. 2006ರಲ್ಲಿ ಅಲ್ಲಿ ವೈದ್ಯರು, ನರ್ಸ್‌ಗಳು, ಆಸ್ಪತ್ರೆಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡರು. ರಕ್ತಸ್ರಾವಕ್ಕೆ ಬೇಕಾದ ಎಲ್ಲ ಸಾಮಾನು ತುಂಬಿದ ಗಾಡಿಯನ್ನು ಹೆರಿಗೆ ಕೋಣೆಯ ಬಳಿಯೇ ಇಡುವುದು, ಹೋದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜಿಸದೆ ತೂಕ ಮಾಡಿ ಅಳೆಯುವುದು, ತುರ್ತು ಸ್ಥಿತಿಯ ಅಭ್ಯಾಸವನ್ನು ಆಗಾಗ ನಡೆಸುವುದು ಮುಂತಾದ ಕ್ರಮಗಳು ಬಂದವು. 2013ರ ಹೊತ್ತಿಗೆ ಆ ರಾಜ್ಯದ ತಾಯಂದಿರ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಕಪ್ಪು ತಾಯಂದಿರಿಗೂ ಬಿಳಿಯ ತಾಯಂದಿರಿಗೂ ನಡುವಿನ ಅಂತರ ಮಾತ್ರ ಉಳಿದೇಬಿಟ್ಟಿತು. ಗಾಡಿ ಬಂದರೆ ಸಾಲದು, ಗಾಡಿ ತನ್ನಿ ಎಂದು ಹೇಳಿದವಳ ಮಾತನ್ನೂ ನಂಬಬೇಕು. ಎರಡೂ ಕೂಡಿದಾಗಲೇ ಜೀವ ಉಳಿಯುತ್ತದೆ.

ಇನ್ನೊಂದು ಕೊರತೆಯೂ ಇದೆ. ಅಮೆರಿಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಕೌಂಟಿಗಳಲ್ಲಿ ಹೆರಿಗೆ ಆಸ್ಪತ್ರೆಯೂ ಇಲ್ಲ, ಹೆರಿಗೆ ತಜ್ಞರೂ ಇಲ್ಲ, ಸೂಲಗಿತ್ತಿಯೂ ಇಲ್ಲ. ಅಂಥಲ್ಲಿ ದೂರವೇ ಗಂಡಾಂತರ.

ಈ ಲಕ್ಷಣಗಳನ್ನು ನೆನಪಿಡಿ

ಸಿಡಿಸಿ 2020ರಲ್ಲಿ 'ಅವಳ ಮಾತು ಕೇಳಿ' ಎಂಬ ಅರ್ಥದ ಹೆಸರಿನಲ್ಲಿ ಒಂದು ಅಭಿಯಾನ ಆರಂಭಿಸಿತು. ಗರ್ಭಿಣಿಯಾಗಿದ್ದಾಗ ಮತ್ತು ಹೆರಿಗೆಯ ನಂತರದ ಒಂದು ವರ್ಷದವರೆಗೆ ಗಮನಿಸಬೇಕಾದ ಲಕ್ಷಣಗಳ ಪಟ್ಟಿಯನ್ನು ಅದು ಕೊಟ್ಟಿದೆ. ದೇಹ ಎಲ್ಲ ಊರಿನಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಇದನ್ನು ಓದಿ ಹೇಳಿ. ಇವುಗಳಲ್ಲಿ ಯಾವುದು ಕಂಡರೂ ನಾಳೆಗೆಂದು ಕಾಯದೆ ವೈದ್ಯರಿಗೆ ತೋರಿಸಿ:

* ಕಡಿಮೆಯಾಗದ ಅಥವಾ ಹೆಚ್ಚುತ್ತಲೇ ಹೋಗುವ ತಲೆನೋವು
* ಕಣ್ಣು ಮಂಜಾಗುವುದು, ಮಿಂಚಿದಂತೆ ಕಾಣುವುದು, ತಲೆ ಸುತ್ತಿ ಬೀಳುವಂತಾಗುವುದು
* ಮುಖ, ಕೈಗಳಲ್ಲಿ ವಿಪರೀತ ಊತ
* ಉಸಿರಾಟಕ್ಕೆ ಕಷ್ಟ, ಎದೆನೋವು, ಎದೆ ಡವಡವ ಹೊಡೆದುಕೊಳ್ಳುವುದು
* 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ
* ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ
* ಗರ್ಭಿಣಿಗೆ ಯಾವುದೇ ರಕ್ತಸ್ರಾವ, ಮಗುವಿನ ಚಲನೆ ನಿಂತಂತೆ ಅಥವಾ ಕಡಿಮೆಯಾದಂತೆ ಅನಿಸುವುದು
* ಹೆರಿಗೆಯ ನಂತರ ವಿಪರೀತ ರಕ್ತಸ್ರಾವ, ದೊಡ್ಡ ಗಡ್ಡೆಗಳು ಬೀಳುವುದು, ದುರ್ವಾಸನೆಯ ಸ್ರಾವ
* ಒಂದು ಕಾಲು ಅಥವಾ ಕೈ ಮಾತ್ರ ಊದಿ, ಕೆಂಪಾಗಿ, ಮುಟ್ಟಿದರೆ ನೋಯುವುದು
* ಏಳಲೂ ಆಗದಂತಹ ಸುಸ್ತು
* ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡಬೇಕು ಎಂಬ ಯೋಚನೆ ಬರುವುದು

ರಕ್ತದೊತ್ತಡದ ಬಗ್ಗೆ ಒಂದು ಮಾತು. ಹೆರಿಗೆಯಾದರೆ ಬಿ.ಪಿ. ತಾನಾಗಿ ಇಳಿಯುತ್ತದೆ ಎಂದು ಸುಮ್ಮನಿರಬಾರದು. ಹೆರಿಗೆಯ ನಂತರವೂ, ಕೆಲವರಲ್ಲಿ ವಾರಗಳ ನಂತರವೂ ಅದು ಅಪಾಯದ ಮಟ್ಟಕ್ಕೆ ಏರಬಹುದು. ಮೇಲಿನ ಅಂಕ 160 ಅಥವಾ ಕೆಳಗಿನ ಅಂಕ 110 ಮುಟ್ಟಿ ಹಾಗೆಯೇ ನಿಂತರೆ ಅದು ತುರ್ತು ಸ್ಥಿತಿ. ಗಂಟೆಯೊಳಗೆ ಔಷಧಿ ಸಿಗಬೇಕು. ವಾಹನಕ್ಕಾಗಿ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಜೊತೆಯಲ್ಲಿ ನಿಲ್ಲುವವರು ನೀವೇ ಆಗಬಹುದು

ನಮ್ಮಲ್ಲಿ ಡೌಲಾ ಎಂಬ ಪದ ಹೆಚ್ಚಿನವರಿಗೆ ಹೊಸದು. ಆದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆ ಒಬ್ಬ ಹೆಂಗಸು ಇರಲು ಭಾರತ ಸರ್ಕಾರದ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಟ್ಟಿದೆ. ಶುಚಿಯಾದ ಬಟ್ಟೆ ತೊಟ್ಟಿರಬೇಕು, ಅಂಟುರೋಗ ಇರಬಾರದು, ಚಿಕಿತ್ಸೆಗೆ ಅಡ್ಡಿಯಾಗಬಾರದು, ತಾಯಿಯ ಜೊತೆ ಕೊನೆಯವರೆಗೂ ಇರಬೇಕು ಎಂಬುದು ಅದರ ಶರತ್ತು. ಹೆರಿಗೆಗೆ ಸೇರಿಸುವ ಮೊದಲೇ ಆಸ್ಪತ್ರೆಯಲ್ಲಿ ಇದನ್ನು ಕೇಳಿಕೊಳ್ಳಿ. ತಾಯಿಯೋ ಅಕ್ಕನೋ ಅತ್ತೆಯೋ, ಯಾರು ಒಳಗಿರಬೇಕು ಎಂಬುದನ್ನು ಬಸುರಿಯೇ ಹೇಳಲಿ.

ಒಳಗೆ ನಿಂತವರು ಈ ಕೆಲವು ಸಂಗತಿಗಳನ್ನು ಪಾಲಿಸಿದರೆ ಸಾಕು. ಅವಳು ನೋವೆಂದರೆ 'ಎಲ್ಲರಿಗೂ ಹೀಗೇ' ಎನ್ನಬೇಡಿ. ನೋವು ಎಲ್ಲಿ, ಯಾವಾಗಿನಿಂದ ಎಂದು ಕೇಳಿ. ಬಿ.ಪಿ. ಎಷ್ಟಿದೆ ಎಂದು ನರ್ಸ್ ಬಳಿ ವಿಚಾರಿಸಿ ಚೀಟಿಯಲ್ಲಿ ಬರೆದಿಡಿ. ವೈದ್ಯರ ಮುಂದೆ ಗದ್ದಲ ಮಾಡುವ ಅಗತ್ಯವಿಲ್ಲ. 'ಎರಡು ಗಂಟೆಯಿಂದ ರಕ್ತ ಹೋಗುತ್ತಿದೆ, ಇಷ್ಟು ಬಟ್ಟೆ ಬದಲಾಯಿಸಿದ್ದೇವೆ' ಎಂದು ಲೆಕ್ಕ ಸಮೇತ ಹೇಳಿ. ಉತ್ತರ ಸಿಗದಿದ್ದರೆ ಇನ್ನೊಬ್ಬರನ್ನು ಕೇಳಿ. ಅದೂ ಆಗದಿದ್ದರೆ ಮತ್ತೆ ಕೇಳಿ.

ಬಾಣಂತಿಯನ್ನು ಯಾವುದೇ ತೊಂದರೆಗಾಗಿ ಯಾವುದೇ ಆಸ್ಪತ್ರೆಗೆ ಕರೆದೊಯ್ದರೂ ಬಾಗಿಲಲ್ಲೇ ಮೊದಲು ಹೇಳಬೇಕಾದ ಮಾತು ಒಂದಿದೆ: 'ಇವಳಿಗೆ ಹೆರಿಗೆಯಾಗಿ ಇಷ್ಟು ದಿನವಾಯಿತು.' ಮಗು ಜೊತೆಗಿಲ್ಲದಿದ್ದರೆ ಅಲ್ಲಿಯ ಸಿಬ್ಬಂದಿಗೆ ಅದು ಹೊಳೆಯದೇ ಹೋಗಬಹುದು. ಆ ಒಂದು ವಾಕ್ಯ ಗೊತ್ತಾದರೆ ತಲೆನೋವನ್ನು ವೈದ್ಯರು ನೋಡುವ ರೀತಿಯೇ ಬದಲಾಗುತ್ತದೆ. ಹೆರಿಗೆಯಾಗಿ ಹತ್ತು ತಿಂಗಳಾಗಿದ್ದರೂ ಅದನ್ನು ಹೇಳಲು ಮರೆಯಬೇಡಿ.